ಹಾಳೆ ಅಲ್ಲಿ, ದನಿ ಇಲ್ಲಿ

ಬಾನುಲಿಯಲ್ಲಿ ಮಾತನಾಡುವವರೆಲ್ಲರಿಗೂ ‘ಸ್ಕ್ರಿಪ್ಟ್’ ಎಂಬ ಮಾತು ಪರಿಚಿತ. ಭಾಷಣಕಾರರು ಬರೆದು ತಂದ ಹಾಳೆಯೇ ಸ್ಕ್ರಿಪ್ಟು. ತಾವು ಮನೆಯಲ್ಲಿ ಕುಳಿತು ಕೇಳುವುದು ಅವರ ದನಿಯನ್ನು, ಹಾಳೆಯನ್ನಲ್ಲ. ಅದರಲ್ಲಿ ಎಷ್ಟು ಕಾಟು ಹೊಡೆದಿದೆ, ಅಂಚಿನಲ್ಲಿ ಏನು ಗುರುತು ಹಾಕಿದೆ ಎಂಬುದು ಸ್ಟುಡಿಯೋದ ಗೋಡೆ ದಾಟಿ ಬರುವುದಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಾಲತಾಣಗಳ ವಿಷಯದಲ್ಲಿ ‘ಸರ್ವರ್ ಕಡೆಯ ಸ್ಕ್ರಿಪ್ಟು’ ಎನ್ನುವುದೇನೆಂದು ಅರ್ಧ ತಿಳಿದಂತೆಯೇ. ಉಳಿದರ್ಧವನ್ನು ನಾನು ಪೆಟ್ಟು ತಿಂದು ಕಲಿತೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಹಳಗನ್ನಡ ವ್ಯಾಕರಣ ಓದಿದವನಿಗೆ ಯಂತ್ರದ ವ್ಯಾಕರಣವೇಕೆಂದು ತಾವು ಕೇಳಬಹುದು. ಹಳೆಯ ವಿದ್ಯಾರ್ಥಿಗಳ ವಿಳಾಸಗಳನ್ನೆಲ್ಲ ಒಂದೆಡೆ ಸೇರಿಸಿ ಜಾಲತಾಣ ಮಾಡಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಮಾಡುವವರು ಯಾರೆಂದಾಗ ಎಲ್ಲರೂ ನನ್ನ ಮುಖ ನೋಡಿದರು. ಇಷ್ಟೇ ಕಾರಣ.

ಜಾಲತಾಣಕ್ಕೆ ಮೊದಲು ಬೇಕಾದುದು ಇರಲು ಒಂದು ನೆಲೆ. ವರ್ಷಕ್ಕಿಷ್ಟೆಂದು ಬಾಡಿಗೆ ಕೊಟ್ಟರೆ ಹೋಸ್ಟಿಂಗ್ ಸಂಸ್ಥೆಯವರು ಹಗಲಿರುಳೂ ನಡೆಯುವ ತಮ್ಮ ಸರ್ವರ್ ಯಂತ್ರದಲ್ಲಿ ನಮಗೊಂದು ಖಾತೆ ತೆರೆದುಕೊಡುತ್ತಾರೆ. ಕಡಿಮೆ ಬಾಡಿಗೆಯದಾದರೆ ಅದು ವಠಾರದ ಮನೆಯಿದ್ದಂತೆ. ಅದೇ ಯಂತ್ರದಲ್ಲಿ ಇನ್ನೂ ಅನೇಕರ ಬಿಡಾರ. ಖಾತೆಯೊಳಗೆ ಸಾಮಾನ್ಯವಾಗಿ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಉಂಟು. ಅದು ಬೀದಿಗೆ ತೆರೆದ ಜಗಲಿ. ಅಲ್ಲಿ ಬರಿಯ ಎಚ್‌ಟಿಎಂಎಲ್ ಕಡತವನ್ನಿಟ್ಟರೆ ಯಂತ್ರವು ಕೇಳಿದವರಿಗೆಲ್ಲ ಅದನ್ನು ಇದ್ದಂತೆಯೇ ಕಳುಹಿಸುತ್ತದೆ. ಪಿಎಚ್‌ಪಿ ಭಾಷೆಯ ಕಡತವಾದರೆ ಹಾಗಲ್ಲ: ತಾನೇ ಅದನ್ನು ಓದಿ, ಹೇಳಿದ ಕೆಲಸ ಮಾಡಿ, ಬಂದ ಫಲವನ್ನು ಮಾತ್ರ ಕಳುಹಿಸುತ್ತದೆ. ಬಾನುಲಿ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಇಲ್ಲಿ ಕೇಳಿದವರು ಯಾರು, ಕೇಳಿದ್ದೇನು ಎಂಬುದನ್ನು ನೋಡಿ ಒಬ್ಬೊಬ್ಬರಿಗೂ ಬೇರೆಯೇ ಉತ್ತರ ಸಿದ್ಧವಾಗಬಲ್ಲದು. ರಾಸ್ಮಸ್ ಲೆರ್ಡಾರ್ಫ್ ಎಂಬವರು ತಮ್ಮ ಪರಿಚಯದ ಪುಟವನ್ನು ಯಾರು ನೋಡುತ್ತಾರೆಂದು ತಿಳಿಯಲು 1994ರಲ್ಲಿ ಬರೆದುಕೊಂಡ ಸಣ್ಣ ಉಪಕರಣಗಳೇ 1995ರಲ್ಲಿ ಪಿಎಚ್‌ಪಿಯಾಗಿ ಲೋಕಕ್ಕೆ ಬಂದವು.

ಇನ್ನು ನನ್ನ ಪೆಟ್ಟಿನ ಕಥೆ. ವಿಳಾಸಗಳನ್ನು ಕಂಡಕಂಡವರು ನೋಡಬಾರದೆಂದು ಪುಟಕ್ಕೊಂದು ಪಾಸ್‌ವರ್ಡ್ ಇಟ್ಟೆ. ಆದರೆ ಆ ಪರೀಕ್ಷೆಯನ್ನು ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. ಅಂದರೆ ನೋಡುವವರ ಬ್ರೌಸರಿನೊಳಗೇ ನಡೆಯುವ ಸ್ಕ್ರಿಪ್ಟಿನಲ್ಲಿ. ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಬಂದು, ‘ಸಾರ್, ಪಾಸ್‌ವರ್ಡ್ ಇದೇ ಅಲ್ಲವೆ?’ ಎಂದು ಮೆಲ್ಲಗೆ ಚೀಟಿ ತೋರಿಸಿದ. ಪುಟದ ಮೂಲವನ್ನು ತೋರಿಸೆಂದು ಬ್ರೌಸರಿಗೆ ಹೇಳಿದನಂತೆ. ಪಾಸ್‌ವರ್ಡ್ ಮಾತ್ರವಲ್ಲ, ನೂರಾರು ಜನರ ಫೋನ್ ಸಂಖ್ಯೆ, ಮನೆಯ ವಿಳಾಸ ಎಲ್ಲವೂ ಅಲ್ಲಿಯೇ ಬಿದ್ದಿದ್ದವು. ಪರಊರುಗಳಲ್ಲಿ ಒಂಟಿಯಾಗಿದ್ದು ದುಡಿಯುವ ನಮ್ಮ ಹೆಣ್ಣುಮಕ್ಕಳವೂ ಅವುಗಳಲ್ಲಿದ್ದವು. ಆ ಕ್ಷಣವೇ ಪುಟವನ್ನು ತೆಗೆದುಹಾಕಿದೆ. ಮರುದಿನ ಎಲ್ಲರಿಗೂ ಪತ್ರ ಬರೆದು ತಪ್ಪೊಪ್ಪಿಕೊಂಡೆ. ಇಬ್ಬರು ಫೋನ್ ಸಂಖ್ಯೆಯನ್ನೇ ಬದಲಾಯಿಸಬೇಕಾಯಿತು.

ನಾನು ಮಾಡಿದ್ದೇನೆಂದರೆ, ಹಾಳೆಯನ್ನೇ ಮನೆಮನೆಗೂ ಹಂಚಿ, ‘ಓದಬೇಡಿ’ ಎಂದದ್ದು. ಖಾನೆಯನ್ನು ಖಾಲಿ ಬಿಟ್ಟಿದ್ದೀರಿ ಎಂದು ಎಚ್ಚರಿಸುವಂಥ ಉಪಚಾರವನ್ನು ಬ್ರೌಸರ್ ಮಾಡಲಿ. ಕೊಡಬಹುದೇ, ಕೊಡಬಾರದೇ ಎಂಬ ನಿರ್ಣಯ ಸರ್ವರಿನಲ್ಲೇ ಆಗಬೇಕು. ಪಾಸ್‌ವರ್ಡ್ ತಾಳೆಯಾಗದಿದ್ದರೆ ವಿಳಾಸವು ಅಲ್ಲಿಂದ ಹೊರಡಲೇಕೂಡದು. ಆ ಪಾಸ್‌ವರ್ಡನ್ನಾದರೂ ಇದ್ದಂತೆ ಬರೆದಿಡಬೇಕಿಲ್ಲ; ಮೂಲರೂಪಕ್ಕೆ ತಿರುಗಿಸಲಾಗದ ಅಕ್ಷರಸರಣಿಯನ್ನಾಗಿ ಮಾಡಿಡುವ ‘ಪಾಸ್‌ವರ್ಡ್ ಹ್ಯಾಷ್’ ಎಂಬ ಸೌಕರ್ಯ 2013ರಿಂದ ಪಿಎಚ್‌ಪಿಯಲ್ಲೇ ಇದೆ.

ಇಷ್ಟಾದರೂ ಕಳ್ಳನಿಗೆ ಇನ್ನೊಂದು ದಾರಿಯುಂಟು. ವಿಳಾಸಗಳಿರುವುದು ಮೈಎಸ್‌ಕ್ಯೂಎಲ್ ಎಂಬ ದತ್ತಾಂಶಕೋಶದಲ್ಲಿ. ಸ್ಕ್ರಿಪ್ಟು ಅದಕ್ಕೊಂದು ಆಜ್ಞಾವಾಕ್ಯ ಬರೆದು ಕೇಳುತ್ತದೆ. ಜವಾನನ ಕೈಯಲ್ಲಿ ಚೀಟಿ ಕೊಟ್ಟಂತೆ ಎನ್ನಿ: ‘ಹೆಸರು ಇಂಥದು ಆಗಿರುವವರ ವಿಳಾಸ ತಾ.’ ‘ಇಂಥದು’ ಎಂಬಲ್ಲಿ ತುಂಬುವವನು ಹೊರಗಿನವನು. ಅವನು ‘ರಾಮಯ್ಯ’ ಎಂದು ತುಂಬಿದರೆ ಸರಿ. ‘ರಾಮಯ್ಯ ಅಥವಾ ಬೇರೆ ಏನಾದರೂ’ ಎಂದು ತುಂಬಿದರೆ? ವಾಕ್ಯದ ಅರ್ಥವೇ ತಿರುಗಿತು. ಜವಾನ ಇಡೀ ಬೀರುವನ್ನೇ ಹೊತ್ತು ತರುತ್ತಾನೆ. ಎಡೆಯಿಲ್ಲದೆ ಬರೆದ ತಾಳೆಗರಿಯಲ್ಲಿ ಪದವನ್ನು ತಪ್ಪಾಗಿ ಬಿಡಿಸಿದರೆ ಅನರ್ಥವಾಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಪರಿಹಾರ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’. ಖಾಲಿ ಸ್ಥಳವಿರುವ ವಾಕ್ಯವನ್ನು ಮೊದಲು ಒಪ್ಪಿಸಿ, ತುಂಬಬೇಕಾದ ಮಾತನ್ನು ಬೇರೆ ಲಕೋಟೆಯಲ್ಲಿ ಕಳುಹಿಸುವುದು. ಲಕೋಟೆಯಲ್ಲಿ ಏನೇ ಬರೆದಿರಲಿ, ಅದು ಬರಿಯ ಹೆಸರು, ಆಜ್ಞೆಯಲ್ಲ. ಆ ಹೆಸರಿನವರು ಯಾರೂ ಇಲ್ಲದ್ದರಿಂದ ಜವಾನ ಬರಿಗೈಯಲ್ಲಿ ಬರುತ್ತಾನೆ.

ದತ್ತಾಂಶಕೋಶದ ಪಾಸ್‌ವರ್ಡ್ ಇರುವ ಕಡತವನ್ನು ಜಗಲಿಯಲ್ಲಿಡದೆ ಒಳಗಿನ ಕೋಣೆಯಲ್ಲಿ, ಎಂದರೆ ಆ ಪಬ್ಲಿಕ್ ಫೋಲ್ಡರಿನ ಹೊರಗೆ ಇಡಬೇಕು. ತಿದ್ದುವಾಗ ಹಳೆಯ ಪ್ರತಿಯ ಹೆಸರಿಗೆ ‘ಬ್ಯಾಕ್’ ಎಂಬ ಬಾಲ ಹಚ್ಚಿ ಜಗಲಿಯಲ್ಲೇ ಬಿಡುವ ಚಾಳಿ ಅನೇಕರಿಗುಂಟು. ಬಾಲ ಬದಲಾದರೆ ಯಂತ್ರವು ಅದನ್ನು ಸಾಮಾನ್ಯವಾಗಿ ಪಿಎಚ್‌ಪಿ ಎಂದು ಗುರುತಿಸದೆ, ಹಾಳೆಯನ್ನೇ ದಾರಿಹೋಕರ ಕೈಗೆ ಕೊಟ್ಟುಬಿಡುತ್ತದೆ.

ಕನ್ನಡಿಗರಿಗೇ ವಿಶೇಷವಾದ ತೊಡಕೊಂದನ್ನು ಹೇಳಬೇಕು. ಹೆಸರು 20 ಅಕ್ಷರ ಮೀರಬಾರದೆಂದು ನಿಯಮ ಬರೆದಿದ್ದೆ. ‘ಲಕ್ಷ್ಮಿ’ ಎಂದು ಬರೆದವರನ್ನು ಯಂತ್ರವು ‘ಹೆಸರು ಉದ್ದವಾಯಿತು’ ಎಂದು ಹಿಂದಕ್ಕೆ ಕಳುಹಿಸಿತು! ಛಂದಸ್ಸಿನ ಲೆಕ್ಕದಲ್ಲಿ ಅದು 2 ಅಕ್ಷರ. ಯೂನಿಕೋಡಿನಲ್ಲಿ ಒತ್ತು, ಗುಣಿತಗಳೆಲ್ಲ ಬಿಡಿಸಿ 7 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ನಾನು ಬಳಸಿದ್ದ ‘ಸ್ಟ್ರ್‌ಲೆನ್’ ಎಣಿಸುವುದು ಬೈಟುಗಳನ್ನು. ‘ಎಂಬಿ’ ಎಂದು ಆರಂಭವಾಗುವ ‘ಎಂಬಿ ಸ್ಟ್ರ್‌ಲೆನ್’ ಬಳಸಿದ ಮೇಲೆ ಲಕ್ಷ್ಮಿ ಒಳಗೆ ಬಂದಳು.

ಪಿಎಚ್‌ಪಿಯ ಆವೃತ್ತಿಗಳಿಗೂ ಆಯುಸ್ಸುಂಟು. 7.4ರ ಭದ್ರತಾ ದುರಸ್ತಿ 2022ರ ನವೆಂಬರಿನಲ್ಲಿ ನಿಂತಿತು. ಅಂಥ ಹಳೆಯದರಲ್ಲಿ ತಾಣ ನಡೆಸುವುದು ಮುರಿದ ಅಗುಳಿಯ ಬಾಗಿಲಿದ್ದಂತೆ. ತಮ್ಮ ಖಾತೆಯ ನಿಯಂತ್ರಣ ಪುಟದಲ್ಲಿ ಆವೃತ್ತಿಯನ್ನು ನೋಡಬಹುದು. ಬದಲಾಯಿಸುವ ಮೊದಲು ಎಲ್ಲದರ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರಿ. ನಮ್ಮ ತಾಣದಲ್ಲಿ ಆ ಕೆಲಸ ಈಗ ಅದೇ ಹುಡುಗನದು. ಅವನು ಕಾಲೇಜಿಗೆ ಹೋಗಿದ್ದಾನೆ. ಪ್ರತಿ ಬಾರಿ ಬದಲಾಯಿಸಿದ ಮೇಲೂ ಹೆಸರಿನ ಖಾನೆಯಲ್ಲಿ ಮೊದಲು ‘ಲಕ್ಷ್ಮಿ’ ಎಂದೇ ಬರೆದು ನೋಡುತ್ತಾನೆ.