ಸಂಗ್ರಹಾಲಯದ ಪಾಷಾಣ: ಮನೆಗೆ ಮರಳಿದ ಪವಿತ್ರ ವಸ್ತುಗಳು ಮತ್ತು ಒಂದು ವೈದ್ಯಕೀಯ ಪ್ರಶ್ನೆ

ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಮೂಲನಿವಾಸಿಗಳ ವಿಭಾಗಕ್ಕೆ ಹೋದವರು ಗರಿಯ ಕಿರೀಟ, ಜಿಂಕೆ ತೊಗಲಿನ ಅಂಗಿ, ಉಣ್ಣೆಯ ಕಂಬಳಿ, ಮರದ ಮುಖವಾಡಗಳನ್ನು ನೋಡಿರುತ್ತಾರೆ. ಎಷ್ಟೋ ವಸ್ತುಗಳಿಗೆ ನೂರು ವರ್ಷ ದಾಟಿದೆ. ಆದರೂ ಹುಳು ತಿಂದ ಗುರುತಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯ ಸೀರೆಯನ್ನು ಟ್ರಂಕಿನಲ್ಲಿಟ್ಟು ನಾಲ್ಕು ವರ್ಷ ಮರೆತರೆ ನುಸಿ ಹಿಡಿಯುತ್ತದೆ. ಹಾಗಿರುವಾಗ ಈ ಗರಿ, ತೊಗಲು, ಉಣ್ಣೆ ಇಷ್ಟು ಕಾಲ ಹೇಗೆ ಉಳಿದವು?

ಗಾಜಿನ ಪೆಟ್ಟಿಗೆ, ತಂಪು ಹವೆ, ಮಂದ ಬೆಳಕು ಇವೆಲ್ಲ ಉತ್ತರದ ಒಂದು ಭಾಗ ಮಾತ್ರ. ಇನ್ನೊಂದು ಭಾಗವನ್ನು ಫಲಕಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅನೇಕ ವಸ್ತುಗಳಿಗೆ ಹಿಂದೆ ವಿಷ ಬಳಿದಿದ್ದರು. ವಸ್ತು ಗಾಜಿನ ಹಿಂದೆಯೇ ಇದ್ದರೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅದನ್ನು ಮಾಡಿದ ಜನರ ಮೊಮ್ಮಕ್ಕಳು ಅದನ್ನು ಮರಳಿ ಪಡೆದು, ಮುಖಕ್ಕೆ ಧರಿಸಿ ಕುಣಿಯಬೇಕಾದಾಗ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ವಿಷ ಬಂದ ದಾರಿ

ಗರಿ, ಕೂದಲು, ತೊಗಲು, ಉಣ್ಣೆ ಇವುಗಳ ಮುಖ್ಯ ಅಂಶ ಪ್ರೋಟೀನು. ಬಟ್ಟೆ ತಿನ್ನುವ ಪತಂಗದ ಮರಿಗಳಿಗೂ ಕೆಲವು ಜಾತಿಯ ದುಂಬಿಗಳ ಮರಿಗಳಿಗೂ ಅದೇ ಆಹಾರ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಮೆಟ್ಜ್ ಊರಿನ ಔಷಧ ವ್ಯಾಪಾರಿ ಜಾನ್-ಬಾಪ್ಟಿಸ್ಟ್ ಬೆಕೂರ್, ಸತ್ತ ಹಕ್ಕಿಗಳ ಚರ್ಮ ಕೆಡದಂತೆ ಇಡಲು ಒಂದು ಸಾಬೂನು ತಯಾರಿಸಿದ. ಅದರಲ್ಲಿದ್ದದ್ದು ಸಾಬೂನು, ಕರ್ಪೂರ, ಸುಣ್ಣ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಬಿಳಿ ಪಾಷಾಣ, ಅಂದರೆ ಆರ್ಸೆನಿಕ್ ಟ್ರೈಆಕ್ಸೈಡ್. ಬದುಕಿರುವ ತನಕ ಆತ ಸೂತ್ರವನ್ನು ಗುಟ್ಟಾಗಿಟ್ಟ. 1777ರಲ್ಲಿ ಆತ ತೀರಿಕೊಂಡ ಬಳಿಕ ಅದು ಪ್ರಕಟವಾಗಿ, 19ನೆಯ ಶತಮಾನದಲ್ಲಿ ಯೂರೋಪು, ಅಮೆರಿಕಗಳ ಸಂಗ್ರಹಾಲಯಗಳಲ್ಲೆಲ್ಲ ಬಳಕೆಗೆ ಬಂತು.

ಹಕ್ಕಿಗಳಿಗೆ ಹಚ್ಚಿದ್ದನ್ನೇ ಜನರ ವಸ್ತುಗಳಿಗೂ ಹಚ್ಚಿದರು. ಪಾಷಾಣದ ಜೊತೆಗೆ ಪಾದರಸದ ಕ್ಲೋರೈಡ್ ಬಂತು. 20ನೆಯ ಶತಮಾನದಲ್ಲಿ ನ್ಯಾಫ್ತಲೀನ್, ಪ್ಯಾರಾಡೈಕ್ಲೋರೊಬೆಂಜೀನ್, ಡಿಡಿಟಿ ಸೇರಿಕೊಂಡವು. ಇದನ್ನು ಕಸ ಗುಡಿಸುವಂತಹ ನಿತ್ಯದ ಕೆಲಸವೆಂದು ತಿಳಿದಿದ್ದರಿಂದ, ಯಾವ ವಸ್ತುವಿಗೆ ಯಾವಾಗ ಏನು ಹಚ್ಚಿದರೆಂಬುದನ್ನು ಹೆಚ್ಚಿನ ಕಡೆ ಬರೆದಿಡಲಿಲ್ಲ. ಈ ಜನಾಂಗಗಳು ಬೇಗನೆ ಅಳಿದುಹೋಗುತ್ತವೆ, ವಸ್ತುಗಳನ್ನಾದರೂ ಉಳಿಸೋಣ ಎಂಬುದು ಆ ಕಾಲದ ಸಂಗ್ರಾಹಕರ ನಂಬಿಕೆ. ಈ ಮುಖವಾಡವನ್ನು ಮುಂದೊಂದು ದಿನ ಯಾರಾದರೂ ಮತ್ತೆ ಧರಿಸಿಯಾರು ಎಂದು ಅವರು ಎಣಿಸಿರಲಿಲ್ಲ.

ಬಾಗಿಲು ತೆರೆದ ಕಾನೂನು

ಜನಾಂಗಗಳು ಅಳಿಯಲಿಲ್ಲ. 1990ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳ ಸಮಾಧಿ ರಕ್ಷಣೆ ಮತ್ತು ಮರಳಿಸುವಿಕೆಯ ಕಾನೂನನ್ನು ತಂದಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು ‘ನಾಗ್‌ಪ್ರಾ’ ಎನ್ನುತ್ತಾರೆ. ಕೇಂದ್ರ ಸರ್ಕಾರದ ಹಣ ಪಡೆಯುವ ಸಂಗ್ರಹಾಲಯಗಳು ತಮ್ಮಲ್ಲಿರುವ ಮೂಲನಿವಾಸಿಗಳ ಅಸ್ಥಿಗಳು, ಸಮಾಧಿಯಲ್ಲಿ ಇಟ್ಟಿದ್ದ ವಸ್ತುಗಳು, ಪವಿತ್ರ ವಸ್ತುಗಳು ಮತ್ತು ಇಡೀ ಸಮುದಾಯಕ್ಕೆ ಸೇರಿದ ಪಿತ್ರಾರ್ಜಿತ ವಸ್ತುಗಳ ಪಟ್ಟಿ ಮಾಡಿ ಆಯಾ ಜನಾಂಗಕ್ಕೆ ತಿಳಿಸಬೇಕು; ಹಕ್ಕು ಸಿದ್ಧವಾದರೆ ಮರಳಿಸಬೇಕು. ಸ್ಮಿತ್ಸೋನಿಯನ್ ಸಂಸ್ಥೆಗೆ 1989ರ ಪ್ರತ್ಯೇಕ ಕಾನೂನು ಇದೆ.

ಸಮುದಾಯದ ಆಸ್ತಿ ಎಂಬ ಕೊನೆಯ ಮಾತು ನಮಗೆ ಅಪರಿಚಿತವಲ್ಲ. ಊರ ದೇವರ ಉತ್ಸವಮೂರ್ತಿಯನ್ನು ಅರ್ಚಕರು ಮಾರಿದರೆ ಆ ಮಾರಾಟವನ್ನು ಊರು ಒಪ್ಪುವುದಿಲ್ಲ, ಏಕೆಂದರೆ ಅದು ಅವರ ಸ್ವಂತದ್ದಲ್ಲ. ಕಾನೂನು ಹೇಳಿದ್ದೂ ಇದನ್ನೇ.

ಹೀಗೆ ವಸ್ತುಗಳು ಊರಿಗೆ ಮರಳತೊಡಗಿದವು. ಆರಿಜೋನಾದ ಹೋಪಿ ಜನರ ಕಟ್ಸಿನಾ ಆಚರಣೆಯಲ್ಲಿ ಮುಖಕ್ಕೆ ಧರಿಸುವ ಪವಿತ್ರ ರೂಪಗಳಿವೆ. ಅವುಗಳನ್ನು ಮುಖವಾಡ ಎಂದು ಕರೆಯುವುದು ಹೋಪಿ ಜನರಿಗೆ ಹಿಡಿಸದು; ಅವರ ಪಾಲಿಗೆ ಅವು ಜೀವವಿರುವ ‘ಸ್ನೇಹಿತರು’. 1990ರ ದಶಕದಲ್ಲಿ ಮರಳಿ ಬಂದ ಅಂತಹ ಕೆಲವು ಸ್ನೇಹಿತರನ್ನು ಪರೀಕ್ಷಿಸಿದಾಗ ಆರ್ಸೆನಿಕ್ ಹೇರಳವಾಗಿ ಕಂಡುಬಂತು. ಕ್ಯಾಲಿಫೋರ್ನಿಯಾದ ಉತ್ತರದಲ್ಲಿರುವ ಹೂಪಾ ಜನರಿಗೆ ಹಾರ್ವರ್ಡ್‌ನ ಪೀಬಾಡಿ ಸಂಗ್ರಹಾಲಯದಿಂದ ಮರಳಿದ 17 ವಸ್ತುಗಳನ್ನು ಸ್ಯಾನ್ ಫ್ರಾನ್ಸಿಸ್ಕೋ ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಪಾದರಸ, ನ್ಯಾಫ್ತಲೀನ್, ಡಿಡಿಟಿ ಮೊದಲಾದವು ಸಿಕ್ಕಿದವು. ಕುಣಿತದ ಸಮಯದಲ್ಲಿ ತಲೆಗೆ ಕಟ್ಟಿಕೊಳ್ಳುವ ಗರಿಯ ಆಭರಣಗಳ ಸಂಗತಿ ಇದು.

ದೇಹಕ್ಕೆ ಆಗುವುದೇನು?

ಡಿಡಿಟಿಯಂತಹ ವಿಷಗಳು ದಶಕಗಳಲ್ಲಾದರೂ ಒಡೆದು ಕಡಿಮೆಯಾಗುತ್ತವೆ. ಆರ್ಸೆನಿಕ್, ಪಾದರಸಗಳು ಮೂಲಧಾತುಗಳು. ಅವು ಒಡೆಯುವುದಿಲ್ಲ. 1890ರಲ್ಲಿ ಹಚ್ಚಿದ್ದು ಉದುರಿಹೋಗದಿದ್ದರೆ ಇಂದಿಗೂ ಅಲ್ಲೇ ಇದೆ.

ಪಾಷಾಣ ಒಣ ಚರ್ಮದ ಮೂಲಕ ಹೆಚ್ಚು ಒಳಗೆ ಇಳಿಯುವುದಿಲ್ಲ. ಅದರ ದಾರಿ ಮೂಗು ಮತ್ತು ಬಾಯಿ. ಮುಖಕ್ಕೆ ಒತ್ತಿ ಕಟ್ಟಿದ ತೊಗಲು, ಗಂಟೆಗಟ್ಟಲೆ ಕುಣಿತ, ಜೋರು ಉಸಿರು, ಬೆವರು, ಆಮೇಲೆ ಅದೇ ಕೈಯಲ್ಲಿ ಊಟ. ವಿಷ ಒಳಸೇರಲು ಇದಕ್ಕಿಂತ ಅನುಕೂಲದ ಸ್ಥಿತಿ ಬೇರೆ ಬೇಕಿಲ್ಲ. ನ್ಯೂಯಾರ್ಕ್ ಮತ್ತು ಕೆನಡಾದ ಹೋಡೆನೋಸೋನಿ ಜನರಲ್ಲಿ ರೋಗ ವಾಸಿಮಾಡುವ ಆಚರಣೆಗೆಂದೇ ಮುಖವಾಡಗಳಿವೆ. ಅವುಗಳಿಗೆ ಮೆಕ್ಕೆಜೋಳದ ಗಂಜಿಯ ನೈವೇದ್ಯ ಸಲ್ಲುತ್ತದೆ. ರೋಗ ಕಳೆಯಬೇಕಾದ ವಸ್ತುವೇ ರೋಗದ ಮೂಲವಾಗುವ ಸಂಕಟವನ್ನು ವೈದ್ಯರಾದವರು ಸುಲಭವಾಗಿ ಮರೆಯಲಾರರು.

ಆರ್ಸೆನಿಕ್ ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಒಳಸೇರಿದರೆ ಅಂಗೈ ಅಂಗಾಲುಗಳ ಚರ್ಮ ಗಂಟುಗಂಟಾಗಿ ದಪ್ಪವಾಗುತ್ತದೆ, ಮೈಮೇಲೆ ಮಳೆಹನಿ ಬಿದ್ದಂತಹ ಕಲೆಗಳು ಮೂಡುತ್ತವೆ, ಕೈಕಾಲು ಜೋಮು ಹಿಡಿಯುತ್ತವೆ. ವರ್ಷಗಳ ಬಳಿಕ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರಬಹುದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಬಂದದ್ದು ಇದೇ ಕಾಯಿಲೆ. ಪಾದರಸ ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸುತ್ತದೆ. ಕೈ ನಡುಗುತ್ತದೆ, ಸ್ವಭಾವವೇ ಬದಲಾಗುತ್ತದೆ. ಪಾದರಸದ ಕ್ಲೋರೈಡಿನ ಒಂದಂಶ ಕಾಲಕ್ರಮದಲ್ಲಿ ಶುದ್ಧ ಪಾದರಸವಾಗಿ ಆವಿಯಾಗಬಲ್ಲದು. ಮುಚ್ಚಿದ ಬೀರುವಿನ ಗಾಳಿಯಲ್ಲೂ ಅದು ಇರಬಹುದು.

ವಿಷವಾಗುವುದು ವಸ್ತುವಲ್ಲ, ಅದರ ಪ್ರಮಾಣ ಎಂಬ ಹಳೆಯ ಮಾತು ಇಲ್ಲಿಯೂ ಸಲ್ಲುತ್ತದೆ. ಇದೇ ಆರ್ಸೆನಿಕ್ ಟ್ರೈಆಕ್ಸೈಡ್ ಇಂದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಒಳ್ಳೆಯ ಔಷಧ. ಆದ್ದರಿಂದ ವಿಷ ಇದೆಯೇ ಎಂದು ಕೇಳಿದರೆ ಸಾಲದು. ಎಷ್ಟಿದೆ, ಅದರಲ್ಲಿ ಎಷ್ಟು ಉದುರುತ್ತದೆ, ಯಾರು ಎಷ್ಟು ಹೊತ್ತು ಧರಿಸುತ್ತಾರೆ, ಅವರು ಮಕ್ಕಳೇ, ಗರ್ಭಿಣಿಯರೇ ಎಂದೆಲ್ಲ ಕೇಳಬೇಕು.

ಪತ್ತೆ ಹಚ್ಚುವ ಬಗೆ

ಈಗ ಹೆಚ್ಚಾಗಿ ಬಳಸುವುದು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೂರೊಸೆನ್ಸ್ ಯಂತ್ರ. ಅದು ಬಿಡುವ ಎಕ್ಸ್ ಕಿರಣ ಪರಮಾಣುವಿನ ಒಳಸುತ್ತಿನ ಒಂದು ಎಲೆಕ್ಟ್ರಾನನ್ನು ಹೊರದೂಡುತ್ತದೆ. ಹೊರಸುತ್ತಿನ ಎಲೆಕ್ಟ್ರಾನ್ ಆ ಜಾಗಕ್ಕೆ ಇಳಿಯುವಾಗ ಹೊಸದೊಂದು ಎಕ್ಸ್ ಕಿರಣ ಹೊರಡುತ್ತದೆ. ಅದರ ಶಕ್ತಿಯನ್ನು ಅಳೆದರೆ ಧಾತು ಯಾವುದೆಂದು ತಿಳಿಯುತ್ತದೆ. ವಸ್ತುವನ್ನು ಕೊಯ್ಯಬೇಕಿಲ್ಲ, ಕೊರೆಯಬೇಕಿಲ್ಲ. ಜೀವವಿದೆ ಎಂದು ನಂಬಿರುವ ವಸ್ತುವಿನ ತುಣುಕು ಕತ್ತರಿಸಲು ಯಾವ ಜನಾಂಗವೂ ಸುಲಭವಾಗಿ ಒಪ್ಪದು. ಆದ್ದರಿಂದ ಇದು ದೊಡ್ಡ ಅನುಕೂಲ.

ಆದರೂ ಯಂತ್ರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಆರ್ಸೆನಿಕ್ ಮತ್ತು ಸೀಸ ಎರಡರ ಮುಖ್ಯ ಗುರುತುಗಳೂ ಸುಮಾರು 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲೇ ಬೀಳುತ್ತವೆ. ಬಣ್ಣದಲ್ಲಿರುವ ಸೀಸವನ್ನು ಯಂತ್ರ ಆರ್ಸೆನಿಕ್ ಎಂದು ತೋರಿಸಬಹುದು. ಬೇರೆ ಗುರುತುಗಳನ್ನೂ ನೋಡಿ ನಿರ್ಧರಿಸಬೇಕು. ಹಳದಿಯ ಹರಿತಾಳದಲ್ಲಿ ಆರ್ಸೆನಿಕ್, ಕೆಂಪಿನ ಇಂಗಲಿಕದಲ್ಲಿ ಪಾದರಸ ಸಹಜವಾಗಿಯೇ ಇರುತ್ತವೆ. ಆಗ ಸಿಕ್ಕಿದ್ದು ಕಲಾವಿದರು ಬಳಿದ ಬಣ್ಣವೇ ಹೊರತು ಸಂಗ್ರಹಾಲಯ ಹಚ್ಚಿದ ವಿಷವಲ್ಲ. ಡಿಡಿಟಿ, ನ್ಯಾಫ್ತಲೀನ್‌ಗಳನ್ನು ಈ ಯಂತ್ರ ಕಾಣುವುದೇ ಇಲ್ಲ. ಅವಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯ ಮೇಲಿನ ಅಂಕಿ ವಸ್ತುವಿನ ಮೇಲಿರುವ ಪ್ರಮಾಣವೇ ಹೊರತು ದೇಹ ಸೇರುವ ಪ್ರಮಾಣವಲ್ಲ.

ಧರಿಸಿದವರ ದೇಹವನ್ನೂ ಪರೀಕ್ಷಿಸಬಹುದು. ಮೂತ್ರ ಕಳೆದ ಕೆಲವು ದಿನಗಳ ಸಂಗತಿಯನ್ನು ಹೇಳಿದರೆ ಕೂದಲು, ಉಗುರುಗಳು ತಿಂಗಳುಗಳ ಸಂಗತಿಯನ್ನು ಹೇಳುತ್ತವೆ. ಮೂತ್ರ ಪರೀಕ್ಷೆಗೆ ಮೊದಲು ಕೆಲವು ದಿನ ಮೀನು, ಸಿಗಡಿ ತಿನ್ನಬಾರದು. ಸಮುದ್ರದ ಆಹಾರದಲ್ಲಿರುವ ನಿರಪಾಯಕಾರಿ ಆರ್ಸೆನಿಕ್ ಲೆಕ್ಕವನ್ನು ಕೆಡಿಸುತ್ತದೆ.

ತೊಳೆದರೆ ಹೋಗದೆ?

ಪೂರ್ತಿ ಹೋಗುವುದಿಲ್ಲ. ನುಣ್ಣನೆಯ ಧೂಳನ್ನೂ ಹಿಡಿದಿಡುವ ಹೆಪಾ ಸೋಸುಕದ ವ್ಯಾಕ್ಯೂಮ್ ಯಂತ್ರದಿಂದ ಮೇಲಿನ ಪುಡಿ ತೆಗೆಯಬಹುದು. ಎಳೆಯೊಳಗೆ ಇಳಿದದ್ದು ಉಳಿಯುತ್ತದೆ. ನೀರಿನಿಂದ ತೊಳೆದರೆ ಗರಿ, ತೊಗಲು, ಬಣ್ಣ ಕೆಡುತ್ತವೆ. ಆರಿಜೋನಾದಲ್ಲಿ ಸಂಶೋಧಕರು ಲಿಪೊಯಿಕ್ ಆಮ್ಲದಿಂದ ಆರ್ಸೆನಿಕ್, ಪಾದರಸಗಳನ್ನು ತೆಗೆಯುವ ಪ್ರಯೋಗ ಮಾಡಿದ್ದಾರೆ. ಇದರ ಹಿಂದಿನ ತತ್ತ್ವ ವೈದ್ಯರಿಗೆ ಪರಿಚಿತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಅವರ ತಂಡ ಆರ್ಸೆನಿಕ್ ಇರುವ ವಿಷಾನಿಲಕ್ಕೆ ಕಂಡುಹಿಡಿದ ಪ್ರತಿವಿಷದಲ್ಲಿ ಎರಡು ಗಂಧಕದ ಪರಮಾಣುಗಳು ಆರ್ಸೆನಿಕ್ಕನ್ನು ಚಿಮಟಿಗೆಯಂತೆ ಹಿಡಿಯುತ್ತವೆ. ಲಿಪೊಯಿಕ್ ಆಮ್ಲದಲ್ಲೂ ಅಂತಹ ಜೋಡಿ ಗಂಧಕವಿದೆ. ಆದರೆ ಪ್ರಯೋಗಾಲಯದ ಬಟ್ಟೆತುಂಡಿಗೆ ಆಗುವುದೆಲ್ಲ ನೂರು ವರ್ಷದ ಗರಿಗೆ ಆಗುವುದಿಲ್ಲ.

ಆದ್ದರಿಂದ ನಿರ್ಧಾರ ಆಯಾ ಜನಾಂಗದ್ದು. ಧರಿಸದೆ ಗೌರವದಿಂದ ಇಟ್ಟುಕೊಳ್ಳಬಹುದು, ಕೈಗವಸು ಹಾಕಿ ಮಾತ್ರ ಮುಟ್ಟಬಹುದು, ಮಣ್ಣಿಗೆ ಸೇರಿಸಬಹುದು, ವಿಷವಿಲ್ಲದ ಹೊಸದನ್ನು ಮಾಡಿಕೊಳ್ಳಬಹುದು. ಯಾವುದನ್ನು ಆರಿಸಬೇಕಾದರೂ ಮೊದಲು ಸತ್ಯ ತಿಳಿಯಬೇಕು. ಮರಳಿಸುವಾಗ ತನಗೆ ಗೊತ್ತಿರುವ ಕೀಟನಾಶಕದ ವಿವರವನ್ನು ಸಂಗ್ರಹಾಲಯ ತಿಳಿಸಲೇಬೇಕೆಂದು ನಾಗ್‌ಪ್ರಾ ನಿಯಮ ಹೇಳುತ್ತದೆ. ಆದರೆ ಬರೆದಿಡದೆ ಇದ್ದದ್ದು ಯಾರಿಗೂ ಗೊತ್ತಿರುವುದಿಲ್ಲ. ದಾಖಲೆ ಇಲ್ಲ ಎಂದರೆ ವಿಷ ಇಲ್ಲ ಎಂದು ಅರ್ಥವಲ್ಲ. ಪರೀಕ್ಷೆ ಅತ್ಯಗತ್ಯವಾಗುವುದು ಇಲ್ಲಿಯೇ. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಇಂತಹ ವಸ್ತುಗಳ ಪ್ರದರ್ಶನಕ್ಕೂ ಸಂಶೋಧನೆಗೂ ಜನಾಂಗದ ಒಪ್ಪಿಗೆ ಬೇಕು.

ಕೊಳೆಯಲೆಂದೇ ಮಾಡಿದ ದೇವರು

ಇಷ್ಟೆಲ್ಲದರ ಬುಡದಲ್ಲಿ ಇನ್ನೊಂದು ಪ್ರಶ್ನೆ ಇದೆ. ಉಳಿಸುವುದು ಎಂದರೆ ಏನು? ನ್ಯೂ ಮೆಕ್ಸಿಕೋದ ಝೂನಿ ಜನರಲ್ಲಿ ಪ್ರತಿ ಚಳಿಗಾಲದ ಅಯನದ ಹೊತ್ತಿಗೆ ಜಿಂಕೆ ಕುಲ ಮತ್ತು ಕರಡಿ ಕುಲದವರು ಅಹಯೂಡಾ ಎಂಬ ಅವಳಿ ರಕ್ಷಕ ದೇವರುಗಳನ್ನು ಮರದಲ್ಲಿ ಕೆತ್ತಿ ಬಯಲಿನ ಗುಡಿಗಳಲ್ಲಿ ಇಡುತ್ತಾರೆ. ಅವು ಬಿಸಿಲು ಮಳೆಗೆ ಮೈಯೊಡ್ಡಿ ನಿಧಾನವಾಗಿ ಮಣ್ಣಾಗಬೇಕು. ಮಣ್ಣಾಗುತ್ತಲೇ ಅವು ಲೋಕವನ್ನು ಕಾಯುತ್ತವೆ ಎಂಬುದು ನಂಬಿಕೆ. ಅವುಗಳನ್ನು ಕದ್ದು ಅಥವಾ ಕೊಂಡು ಒಯ್ದ ಸಂಗ್ರಾಹಕರು ಗಾಜಿನೊಳಗಿಟ್ಟು ‘ಉಳಿಸಿದರು’. 1978ರಿಂದ ಝೂನಿ ನಾಯಕರು ಒಂದೊಂದಾಗಿ ಅವುಗಳನ್ನು ಮರಳಿ ಪಡೆದು ಬಯಲಿಗೇ ಸೇರಿಸಿದ್ದಾರೆ.

ಇದು ನಮಗೆ ವಿಚಿತ್ರವೆನಿಸಬಾರದು. ಮಣ್ಣಿನ ಗಣಪತಿಯನ್ನು ಪೂಜಿಸಿ ನೀರಿಗೆ ಬಿಡುವ ಜನ ನಾವು. ವಿಸರ್ಜನೆಯಾಗದ ಗಣಪತಿಗೆ ಯಾರಾದರೂ ಪಾಷಾಣ ಬಳಿದು ನೂರು ವರ್ಷ ಇಟ್ಟರೆ ಅದನ್ನು ರಕ್ಷಣೆ ಎನ್ನುತ್ತೇವೆಯೇ? ಅದೇ ಹೊತ್ತಿಗೆ ನಮ್ಮ ಓಲೆಗರಿಗಳನ್ನು ಉಳಿಸಲು ಹಿರಿಯರು ಬೇವಿನ ಎಲೆ, ಬಜೆಯನ್ನು ಬಳಸಿದರು. ಇಂದಿನ ಸಂಗ್ರಹಾಲಯಗಳೂ ವಿಷ ಬಿಟ್ಟು, ವಸ್ತುವನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಅಥವಾ ಆಮ್ಲಜನಕ ತೆಗೆದ ಗಾಳಿಯಲ್ಲಿ ಕೆಲವು ವಾರ ಇಟ್ಟು ಕೀಟಗಳನ್ನು ಕೊಲ್ಲುತ್ತವೆ.

ಕೊನೆಗೆ ನಮ್ಮ ಮನೆಗಳಿಗೆ ಎರಡು ಮಾತು. ಹಳೆಯ ವಸ್ತುಗಳ ಅಂಗಡಿಯಲ್ಲಿ ಗರಿ, ತೊಗಲು, ಒಣಗಿಸಿ ತುಂಬಿದ ಪ್ರಾಣಿಗಳನ್ನು ಕೊಂಡರೆ ಅವುಗಳಲ್ಲಿ ಪಾಷಾಣ ಇರಬಹುದೆಂದೇ ತಿಳಿದು ಮಕ್ಕಳ ಕೈಗೆ ಕೊಡಬೇಡಿ. ಊರಿನಿಂದ ತಂದ ಸೀರೆ, ಶಾಲುಗಳ ನಡುವೆ ಇಡುವ ನುಸಿಗುಳಿಗೆಯೂ ಅನೇಕ ವೇಳೆ ಇದೇ ನ್ಯಾಫ್ತಲೀನ್. ಜಿ6ಪಿಡಿ ಕೊರತೆ ಇರುವ ಹಸುಗೂಸನ್ನು ಆ ಬಟ್ಟೆಯಲ್ಲಿ ಸುತ್ತಿದರೆ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಅಜ್ಜಿಯ ಸೀರೆಯಲ್ಲಿ ಮೊಮ್ಮಗುವನ್ನು ಸುತ್ತುವ ಮೊದಲು ಅದನ್ನು ಬಿಸಿಲು ಗಾಳಿಯಲ್ಲಿ ಕೆಲವು ದಿನ ಹರವಿ, ಚೆನ್ನಾಗಿ ಒಗೆಸಿ. ವಾಸನೆ ಇನ್ನೂ ಇದ್ದರೆ ಮಗುವಿಗೆ ಬೇರೆ ಬಟ್ಟೆ ಬಳಸಿ.