ಮಂಜರಾಬಾದ್ ತಾಲ್ಲೂಕು ಎಲ್ಲಿದೆ?

ಮಕ್ಕಳೇ, ಹಾಸನ ಜಿಲ್ಲೆಯ ನಕ್ಷೆ ತೆಗೆದು ತಾಲ್ಲೂಕುಗಳನ್ನು ಎಣಿಸಿ. ಸಕಲೇಶಪುರ, ಆಲೂರು, ಬೇಲೂರು ಎನ್ನುತ್ತಾ ಎಂಟು ಸಿಗುತ್ತವೆ. ಮಂಜರಾಬಾದ್ ಮಾತ್ರ ಎಲ್ಲೂ ಇಲ್ಲ. ಆದರೆ ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಮುತ್ತಜ್ಜನ ಕಾಲದ ಕ್ರಯಪತ್ರ ಬಿಡಿಸಿದರೆ ‘ಮಂಜರಾಬಾದ್ ತಾಲ್ಲೂಕು’ ಎಂದೇ ಬರೆದಿರುತ್ತದೆ.

ಇದೇನೂ ತಮಾಷೆಯ ವಿಷಯವಲ್ಲ. ನಮ್ಮ ಮನೆಯ ಗದ್ದೆ ಪಾಲಾಗುವಾಗ ಅಂಥದ್ದೊಂದು ಪತ್ರ ಹಿಡಿದು ಕಚೇರಿಯೊಂದಕ್ಕೆ ಹೋಗಿದ್ದೆ. ಅಲ್ಲಿದ್ದ ಹೊಸ ಹುಡುಗ, “ಇಂಥ ತಾಲ್ಲೂಕೇ ಇಲ್ಲವಲ್ಲ ಸಾರ್” ಎಂದು ಪತ್ರ ವಾಪಸು ಕೊಟ್ಟ. ಮೂರು ಸಲ ಅಲೆದ ಮೇಲೆ ಹಿರಿಯ ಗುಮಾಸ್ತರೊಬ್ಬರು ನಕ್ಕು, “ಇದು ನಮ್ಮ ಸಕಲೇಶಪುರವೇ ಕಣಯ್ಯ” ಎಂದು ಅವನಿಗೆ ಹೇಳಿಕೊಟ್ಟರು.

ಈ ಸೀಮೆಯ ಇನ್ನೂ ಹಳೆಯ ಹೆಸರು ಬಲಂ. ಐಗೂರಿನ ಪಾಳೇಗಾರರು ಇದನ್ನು ಆಳುತ್ತಿದ್ದರು. ಮಂಗಳೂರಿನ ದಾರಿಯ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನ್ ಸಕಲೇಶಪುರದ ಹತ್ತಿರದ ಗುಡ್ಡದ ಮೇಲೆ ಎಂಟು ಮೂಲೆಗಳ, ನಕ್ಷತ್ರದ ಆಕಾರದ ಕೋಟೆ ಕಟ್ಟಿಸಿದ. ಅದು ಮುಗಿದದ್ದು 1792ರಲ್ಲಿ. ಗುಡ್ಡ ಹತ್ತಿದಾಗ ಸುತ್ತಲೂ ಮಂಜು ಕಂಡು ಆ ಹೆಸರಿಟ್ಟನೆಂದು ಹಿರಿಯರು ಕಥೆ ಹೇಳುತ್ತಾರೆ. ‘ಆಬಾದ್’ ಎಂದರೆ ಪಾರಸಿಯಲ್ಲಿ ಜನವಸತಿಯ ಜಾಗ. ಕೋಟೆಯ ಹೆಸರೇ ಆಮೇಲೆ ಸೀಮೆಗೆಲ್ಲ ಅಂಟಿತು.

1799ರಲ್ಲಿ ಟಿಪ್ಪು ಮಡಿದ. ಆದರೂ ಬಲಂನ ವೆಂಕಟಾದ್ರಿ ನಾಯಕ ಹೊಸ ಸರ್ಕಾರಕ್ಕೆ ತಲೆಬಾಗದೆ ಅರಕೆರೆಯ ದಟ್ಟ ಕಾಡಿನಲ್ಲಿ ಬೇಲಿ ಕಟ್ಟಿ ನಿಂತ. 1802ರ ಜನವರಿಯಲ್ಲಿ ಅವನ ಮೇಲೆ ದಂಡು ತಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ! ಅಷ್ಟು ದೊಡ್ಡ ಸೇನಾಪತಿ ನಮ್ಮ ಜಿಗಣೆ ಕಾಡಿಗೂ ಬರಬೇಕಾಯಿತು ನೋಡಿ. ವೆಂಕಟಾದ್ರಿ ಸಿಕ್ಕಿಬಿದ್ದ, ಅವನನ್ನು ಗಲ್ಲಿಗೇರಿಸಿದರು. ಕಾಡು ಕಡಿದು ದಾರಿಗಳನ್ನು ಮಾಡಿದರು.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. ಆಮೇಲೆ ಮಾಡಿದ ಆರು ಫೌಜುದಾರಿಗಳಲ್ಲಿ ಮಂಜರಾಬಾದೂ ಒಂದು. ಎಂದರೆ ಬೆಂಗಳೂರು, ನಗರ, ಚಿತ್ರದುರ್ಗಗಳ ಸಾಲಿನಲ್ಲಿ ನಮ್ಮ ಹೆಸರಿತ್ತು! ಆ ಭಾಗ್ಯ ಹೆಚ್ಚು ದಿನ ಉಳಿಯಲಿಲ್ಲ. ಆರು ಹೋಗಿ ನಾಲ್ಕಾದವು. ಕೊನೆಗೆ ಮಂಜರಾಬಾದ್ ಹಾಸನ ಜಿಲ್ಲೆಯ ಒಂದು ತಾಲ್ಲೂಕಾಗಿ, ಸಕಲೇಶಪುರ ಅದರ ಕಸಬೆಯಾಯಿತು. ಆಲೂರು ಆಗ ಹಾಸನ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕು. ಹಾಸನ ಜಿಲ್ಲೆಗೇ ಒಮ್ಮೆ ಕುತ್ತು ಬಂದಿತ್ತು: ಖರ್ಚು ಉಳಿಸಲೆಂದು 1882ರಲ್ಲಿ ಜಿಲ್ಲೆಯನ್ನೇ ರದ್ದು ಮಾಡಿ, 1886ರಲ್ಲಿ ಮತ್ತೆ ಕೊಟ್ಟರು.

ಇನ್ನು ಗಡಿ. ಬಿಸ್ಲೆ ಕಡೆಯ ದಿಣ್ಣೆಯ ಮೇಲೆ ಮಳೆ ಬಂದಾಗ ನಿಂತು ನೋಡಬೇಕು. ಪಶ್ಚಿಮಕ್ಕೆ ಇಳಿದ ನೀರು ಕುಮಾರಧಾರೆ, ನೇತ್ರಾವತಿಗಳ ಜೊತೆ ಅರಬ್ಬೀ ಸಮುದ್ರಕ್ಕೆ. ಪೂರ್ವಕ್ಕೆ ಹರಿದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ನೀರಿನ ಹಾಗೆಯೇ ಸರ್ಕಾರಗಳೂ ಇಲ್ಲಿ ಬೇರೆಯಾಗುತ್ತಿದ್ದವು. ಘಟ್ಟದ ಮೇಲೆ ಮೈಸೂರು ಸಂಸ್ಥಾನ, ಕೆಳಗಿನ ಸುಬ್ರಹ್ಮಣ್ಯ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ದಕ್ಷಿಣಕ್ಕೆ ಕೊಡಗು. ಷಷ್ಠಿಗೆ ಹೊರಟ ನಮ್ಮವರು ಬೇರೆ ಪ್ರಾಂತ್ಯಕ್ಕೇ ಹೋಗಿ ಬರುತ್ತಿದ್ದರು. 1956ರ ನವೆಂಬರ್ 1ರಂದು ಮೂರೂ ಕಡೆಯವರು ಒಂದೇ ರಾಜ್ಯದವರಾದರು.

ನನ್ನ ಅಜ್ಜಿಯ ತವರು ಕೊಡ್ಲಿಪೇಟೆ, ಕೊಟ್ಟದ್ದು ಯಸಳೂರಿನ ಕಡೆಗೆ. ಹಾಗೆ ನೋಡಿದರೆ ಕೊಡಗಿನಿಂದ ಮೈಸೂರು ಸಂಸ್ಥಾನಕ್ಕೆ ಬಂದ ಸೊಸೆ. ಇದನ್ನು ಹೇಳಿದರೆ ಅಜ್ಜಿ, “ಸಂಸ್ಥಾನ ಗಿಂಸ್ಥಾನ ಯಾರಿಗೆ ಗೊತ್ತಿತ್ತೋ ಮಗ, ಮಳೆಗಾಲದಲ್ಲಿ ಹೊಳೆ ತುಂಬಿದ್ರೆ ತವರಿಗೆ ಹೋಗೋ ಹಂಗಿರ್ಲಿಲ್ಲ, ಅಷ್ಟೇ” ಎನ್ನುತ್ತಿದ್ದರು.