ಕೆಲಸಕ್ಕೆ ತಕ್ಕ ಉಪಕರಣ

ಬಡಗಿಯು ಕೆಲಸ ಮಾಡುವುದನ್ನು ನೀವು ನೋಡಿರಬಹುದು. ಹಲಗೆಯನ್ನು ಕೊಯ್ಯಲು ಅವನು ಗರಗಸವನ್ನು ಎತ್ತಿಕೊಳ್ಳುತ್ತಾನೆ. ನುಣುಪು ಮಾಡಲು ಉಜ್ಜುಗೊರಡನ್ನು, ಗಾಡಿ ತೆಗೆಯಲು ಉಳಿಯನ್ನು ಹಿಡಿಯುತ್ತಾನೆ. ಉಳಿಯಿಂದಲೇ ಹಲಗೆಯನ್ನು ತುಂಡರಿಸಹೊರಟರೆ ಶ್ರಮವೂ ಹೆಚ್ಚುತ್ತದೆ, ಮರವೂ ಕೆಡುತ್ತದೆ. ಗಣಕಯಂತ್ರದಲ್ಲಿ ಚಿತ್ರ ರಚಿಸುವವರಿಗೂ ಈ ವಿವೇಕ ಅಗತ್ಯ.

ಗಣಕಯಂತ್ರದ ಚಿತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಪಿಕ್ಸೆಲ್‌ಗಳೆಂಬ ಬಣ್ಣದ ಸಣ್ಣ ಚೌಕಗಳಿಂದಾದುದು. ಛಾಯಾಚಿತ್ರಗಳು ಈ ಬಗೆಯವು. ಇನ್ನೊಂದು, ವೆಕ್ಟರ್ ಚಿತ್ರ. ಇಲ್ಲಿ ಪ್ರತಿಯೊಂದು ರೇಖೆಯೂ ಗಣಿತದ ಸೂತ್ರವಾಗಿ ಉಳಿದಿರುತ್ತದೆ. ವಿದ್ಯಾರ್ಥಿಯೊಬ್ಬನು ಶಾಲೆಯ ವಾರ್ಷಿಕೋತ್ಸವಕ್ಕಾಗಿ ಲಾಂಛನವೊಂದನ್ನು ಪಿಕ್ಸೆಲ್‌ಗಳಲ್ಲಿ ಬರೆದನೆನ್ನೋಣ. ಆಮಂತ್ರಣ ಪತ್ರಿಕೆಯಲ್ಲಿ ಅದು ಅಂದವಾಗಿಯೇ ಕಾಣುತ್ತದೆ. ಅದನ್ನೇ ವೇದಿಕೆಯ ಪರದೆಯಷ್ಟು ಹಿಗ್ಗಿಸಿದರೆ ಅಂಚುಗಳು ಮೆಟ್ಟಿಲುಗಳಂತೆ ಒಡೆದು ತೋರುತ್ತವೆ; ಅವನ ದಿನಗಟ್ಟಲೆಯ ದುಡಿಮೆ ಎಲ್ಲರೆದುರು ಸೋಲುತ್ತದೆ. ವೆಕ್ಟರ್ ಚಿತ್ರವಾಗಿದ್ದರೆ ಎಷ್ಟು ಹಿಗ್ಗಿಸಿದರೂ ಅಂಚು ನಯವಾಗಿಯೇ ಇರುತ್ತದೆ. ಹಾಗೆಂದು ಛಾಯಾಚಿತ್ರವನ್ನು ತಿದ್ದಲು ವೆಕ್ಟರ್ ತಂತ್ರಾಂಶ ತಕ್ಕುದಲ್ಲ. ಮೊದಲ ಆಯ್ಕೆ ಇಲ್ಲಿಂದಲೇ ಆರಂಭವಾಗುತ್ತದೆ.

2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಲ್ಲರಿಗೂ ಉಚಿತವಾಗಿ ದೊರೆಯುವ ವೆಕ್ಟರ್ ತಂತ್ರಾಂಶ. ಅದನ್ನು ತೆರೆದೊಡನೆ ಉಪಕರಣಗಳ ಸಾಲು ಕಂಡು ಹೊಸಬರು ದಿಗಿಲುಗೊಳ್ಳುವುದುಂಟು. ಒಂದು ಮಾವಿನ ಎಲೆಯನ್ನು ಬರೆಯಲು ಹೊರಟರೆ ಈ ದಿಗಿಲು ಬಹುಮಟ್ಟಿಗೆ ಕರಗುತ್ತದೆ. ಹೊಸಬರ ಕೈ ಸಾಮಾನ್ಯವಾಗಿ ಪೆನ್ಸಿಲ್ ಉಪಕರಣದತ್ತ ಹೋಗುತ್ತದೆ. ಅದು ಕೈಯ ಚಲನೆಯನ್ನು ಇದ್ದಂತೆಯೇ ಹಿಂಬಾಲಿಸುತ್ತದೆ. ಕೈಯ ನಡುಕವೂ ರೇಖೆಗಿಳಿದು, ಅಂಚಿನುದ್ದಕ್ಕೂ ಹತ್ತಾರು ಬಿಂದುಗಳು ಮೂಡುತ್ತವೆ. ಅವುಗಳನ್ನು ಒಂದೊಂದಾಗಿ ತಿದ್ದುವುದು ಬೇಸರದ ಕೆಲಸ. ಗಾಳಿಗೆ ಬಳುಕುವ ಹುಲ್ಲಿಗೆ ಪೆನ್ಸಿಲ್ ಒಪ್ಪುತ್ತದೆ. ನಯವಾದ ಎಲೆಗೆ ಒಪ್ಪದು.

ಎಲೆಗೆ ತಕ್ಕುದು ಪೆನ್ ಉಪಕರಣ. ತೊಟ್ಟಿನಲ್ಲಿ ಒಂದು ಬಿಂದು, ತುದಿಯಲ್ಲಿ ಒಂದು ಬಿಂದು. ಅವುಗಳ ನಡುವೆ ಬಾಗಿದ ಎರಡು ರೇಖೆಗಳು. ಬಿಂದುವಿನಿಂದ ಹೊರಟ ಹಿಡಿಕೆಯನ್ನು ಉದ್ದವಾಗಿ ಎಳೆದರೆ ಬಾಗು ಹೆಚ್ಚುತ್ತದೆ, ತಿರುಗಿಸಿದರೆ ಅದರ ದಿಕ್ಕು ಬದಲಾಗುತ್ತದೆ. ಇದಕ್ಕೆ ಬೆಜಿಯೇ ವಕ್ರರೇಖೆಯೆಂದು ಹೆಸರು. ಫ್ರಾನ್ಸಿನ ರೆನೋ ಕಾರು ಕಾರ್ಖಾನೆಯ ಎಂಜಿನಿಯರ್ ಪಿಯರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳನ್ನು ಗಣಿತದಲ್ಲಿ ಹಿಡಿದಿಡಲು ಇದನ್ನು ಬಳಕೆಗೆ ತಂದರು. ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಾಸ್ಟೆಲ್ಜೋ ಅವರೂ 1959ರಲ್ಲಿ ಇದೇ ದಾರಿಯಲ್ಲಿ ನಡೆದಿದ್ದರು. ಇಂದು ಗಣಕಯಂತ್ರದ ಪರದೆಯ ಮೇಲೆ ನಾವು ಓದುವ ಕನ್ನಡ ಅಕ್ಷರಗಳ ದುಂಡುತನವೂ ಇಂತಹ ವಕ್ರರೇಖೆಗಳ ಫಲವೇ.

ಎಲೆ ಮೂಡಿದ ಮೇಲೆ ಅದನ್ನು ತಿದ್ದಬೇಕಾಗಬಹುದು. ಇಡೀ ಎಲೆಯನ್ನು ಸರಿಸಲು, ಹಿಗ್ಗಿಸಲು, ತಿರುಗಿಸಲು ಆಯ್ಕೆಯ ಬಾಣ ಸಾಕು. ತುದಿಯನ್ನು ಮಾತ್ರ ಚೂಪು ಮಾಡಬೇಕಾದರೆ ಬಿಂದುಗಳನ್ನು ತಿದ್ದುವ ಉಪಕರಣವೇ ಬೇಕು. ತೋರಣ ಕಟ್ಟಲು ಹತ್ತು ಎಲೆಗಳನ್ನು ಬರೆಯಬೇಕಿಲ್ಲ. ಒಂದನ್ನು ಚೆನ್ನಾಗಿ ಬರೆದು ನಕಲಿಸಿದರಾಯಿತು. ಇನ್ನು ಬಳೆಯನ್ನು ಪೆನ್ನಿನಿಂದ ಬರೆಯುವುದು ವ್ಯರ್ಥ ಸಾಹಸ. ವೃತ್ತದ ಉಪಕರಣದಿಂದ ದೊಡ್ಡದೊಂದು, ಚಿಕ್ಕದೊಂದು ವೃತ್ತವನ್ನೆಳೆದು, ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಬಳೆ ಸಿದ್ಧ.

ಉಪಕರಣವನ್ನು ಮುಟ್ಟುವ ಮುನ್ನ ಆಕಾರವನ್ನು ದಿಟ್ಟಿಸಿ ನೋಡಬೇಕು. ಇದರಲ್ಲಿ ವೃತ್ತವಿದೆಯೇ? ನಯವಾದ ಬಾಗಿದೆಯೇ? ಎಷ್ಟು ಕಡಿಮೆ ಬಿಂದುಗಳಲ್ಲಿ ಇದು ನಿಲ್ಲಬಲ್ಲುದು? ಈ ಪ್ರಶ್ನೆಗಳಿಗೆ ಉತ್ತರ ದೊರೆತಾಗ ಯಾವ ಉಪಕರಣ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಉಪಕರಣಗಳ ಹೆಸರುಗಳನ್ನು ಒಂದು ದಿನದಲ್ಲಿ ಕಲಿಯಬಹುದು. ಆಕಾರವನ್ನು ನೋಡುವ ಕಣ್ಣು ಅಭ್ಯಾಸದಿಂದ ಮಾತ್ರ ಬರುತ್ತದೆ.